ಅಂಗಡಿಯಲ್ಲಿ ಚೆನ್ನಾಗಿ ಕೇಳುವ ವೈರ್‌ಲೆಸ್ ಸೆಟ್ಟು ಬೋಟಿನಲ್ಲಿ ಯಾಕೆ ಕಿವುಡಾಗುತ್ತದೆ?

ಪ್ರಶ್ನೆ: ಸರ್, ತುಮಕೂರಿನಲ್ಲಿ ನನ್ನದು ಮೊಬೈಲ್, ಟಿವಿ ರಿಪೇರಿ ಅಂಗಡಿ. ನಮ್ಮಕ್ಕನನ್ನು ಮಲ್ಪೆಗೆ ಕೊಟ್ಟಿದ್ದೇವೆ. ಭಾವನವರದು ಟ್ರಾಲ್ ಬೋಟು. ಅದರಲ್ಲಿ 25 ವ್ಯಾಟಿನ ವಿಎಚ್‌ಎಫ್ ಮೆರೈನ್ ರೇಡಿಯೋ ಇದೆ. ಮೊದಲೆಲ್ಲ ಹತ್ತು ಮೈಲಿ ದೂರದ ಬೋಟಿನವರ ಮಾತು ಸಲೀಸಾಗಿ ಕೇಳುತ್ತಿತ್ತಂತೆ. ಈ ಸಲ ಮಳೆಗಾಲದ ರಜೆಯಲ್ಲಿ ಬೋಟಿಗೆ ಬಣ್ಣ ಹೊಡೆಸಿ, ಹೊಸ ಎಲ್‌ಇಡಿ ಲೈಟು ಹಾಕಿಸಿ ಕಡಲಿಗೆ ಇಳಿಸಿದ್ದಾರೆ. ಅಲ್ಲಿಂದ ಮೂರ್ನಾಲ್ಕು ಮೈಲಿ ದಾಟಿದರೆ ಬರೀ ಸುಯ್ ಎನ್ನುವ ಸದ್ದು. ರಾತ್ರಿ ಇನ್ನೂ ಕಷ್ಟ. ಆದರೆ ನಮ್ಮ ಮಾತು ಅವರಿಗೆ ಒಂದು ಮಟ್ಟಿಗೆ ಕೇಳುತ್ತದಂತೆ. ಭಾವ ಸೆಟ್ಟು ಬಿಚ್ಚಿ ಬಸ್ಸಿನಲ್ಲಿ ಕಳಿಸಿಕೊಟ್ಟಿದ್ದಾರೆ. ನಾನು 12 ವೋಲ್ಟ್ ಕೊಟ್ಟು, ಹಿಂದೆ ಅರ್ಧ ಮೀಟರ್ ವೈರ್ ಸಿಕ್ಕಿಸಿ, ಅವರದೇ ಹ್ಯಾಂಡ್‌ಸೆಟ್ಟಿನಿಂದ ಮಾತಾಡಿ ನೋಡಿದೆ. ಒಳ್ಳೆ ಸ್ಪಷ್ಟವಾಗಿ ಕೇಳುತ್ತಿದೆ. ಒಳಗಿನ ಆರ್‌ಎಫ್ ಟ್ರಾನ್ಸಿಸ್ಟರ್ ಬದಲಿಸಬೇಕಾ? ಇಲ್ಲ, ಟಿವಿ ಆಂಟೆನಾದ ಬೂಸ್ಟರ್ ಹಾಕಿಕೊಟ್ಟರೆ ಆಗುತ್ತದಾ?

ಉತ್ತರ: ಮೊದಲು ಆ ಸೆಟ್ಟಿನ ಸ್ಕ್ರೂಗಳನ್ನು ವಾಪಸ್ ಹಾಕಿ. ನೀವು ಬರೆದಿದ್ದನ್ನು ಓದಿದರೆ ಸೆಟ್ಟು ಕೆಟ್ಟಿರುವ ಲಕ್ಷಣ ನನಗೆ ಕಾಣುತ್ತಿಲ್ಲ. ಕೆಟ್ಟಿರುವುದು ಮಲ್ಪೆಯಲ್ಲೇ ಉಳಿದಿದೆ. ಕೇಬಲ್ಲು, ಕನೆಕ್ಟರು, ಆಂಟೆನಾ, ಆ ಹೊಸ ಲೈಟುಗಳು, ಇವುಗಳಲ್ಲಿ ಒಂದೋ ಎರಡೋ. ಅವು ಯಾವುವೂ ಬಸ್ಸಿನಲ್ಲಿ ಬಂದಿಲ್ಲವಲ್ಲ. ನಾನೂ ತುಮಕೂರಿನ ಕಡೆಯವನೇ. ಕರಾವಳಿಯಲ್ಲಿ ಬೋಟಿನ ವೈರ್‌ಲೆಸ್ ಸರ್ವಿಸ್ ಮಾಡಿಕೊಂಡಿದ್ದ ಕಾಲದಲ್ಲಿ 'ಸೆಟ್ಟು ಕೇಳ್ತಿಲ್ಲ' ಅಂತ ಬಂದ ದೂರುಗಳಲ್ಲಿ ಹೆಚ್ಚಿನವು ಸೆಟ್ಟಿನ ಹಿಂದಿನ ಸಾಕೆಟ್ಟಿನಿಂದ ಆಚೆಗಿನವೇ ಆಗಿದ್ದವು.

ನಿಮ್ಮ ಅಂಗಡಿಯ ಪರೀಕ್ಷೆ ಯಾಕೆ ಸಾಲದು ಅಂತ ಹೇಳುತ್ತೇನೆ. ಒಂದು ಒಳ್ಳೆಯ ಮೆರೈನ್ ಸೆಟ್ಟು ಕಾಲು ಮೈಕ್ರೋವೋಲ್ಟಿನಷ್ಟು ಸಿಗ್ನಲ್ ಸಿಕ್ಕರೂ ಮಾತನ್ನು ಬಿಡಿಸಿ ಕೊಡುತ್ತದೆ. ಅಂದರೆ ಒಂದು ವೋಲ್ಟನ್ನು ನಲವತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಒಂದು ಪಾಲು. ದೂರದ ಬೋಟಿನಿಂದ ಬರುವುದು ಆ ಮಟ್ಟದ ಸಿಗ್ನಲ್ಲು. ನೀವು ಪಕ್ಕದಲ್ಲೇ ಹ್ಯಾಂಡ್‌ಸೆಟ್ ಒತ್ತಿದಾಗ ಬರುವುದು ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಆಂಟೆನಾ ಪೂರ್ತಿ ಕಿತ್ತುಹಾಕಿದರೂ ಕೇಳುತ್ತದೆ, ಬೇಕಾದರೆ ಆ ಅರ್ಧ ಮೀಟರ್ ವೈರ್ ತೆಗೆದು ನೋಡಿ. ಹಾಗಾಗಿ ಆ ಪರೀಕ್ಷೆಯಿಂದ ಗೊತ್ತಾಗಿದ್ದು ಸೆಟ್ಟು ಪೂರ್ತಿ ಸತ್ತಿಲ್ಲ ಅನ್ನುವುದು ಮಾತ್ರ. ಅದು ದೂರದ್ದನ್ನು ಹಿಡಿಯುತ್ತದಾ ಅನ್ನುವುದನ್ನು ಅಳೆಯಲು ಸಿಗ್ನಲ್ ಜನರೇಟರ್ ಬೇಕು. ಅದಿಲ್ಲದಿದ್ದರೆ ಬೋಟಿನಲ್ಲೇ ನೋಡಬೇಕು.

ಇನ್ನೊಂದು ವಿಷಯ. ಅರ್ಧ ಮೀಟರ್ ವೈರ್ ಸಿಕ್ಕಿಸಿಕೊಂಡು ಆ 25 ವ್ಯಾಟಿನ ಸೆಟ್ಟಿನ ಪಿಟಿಟಿ, ಅಂದರೆ ಮಾತಾಡುವಾಗ ಒತ್ತುವ ಬಟನ್, ಒತ್ತಬೇಡಿ. ಔಟ್‌ಪುಟ್ ಹಂತಕ್ಕೆ ಪೆಟ್ಟು ಬೀಳಬಹುದು. 156ರಿಂದ 162 ಮೆಗಾಹರ್ಟ್ಸ್‌ವರೆಗಿನ ಈ ಚಾನೆಲ್ಲುಗಳು ಸಮುದ್ರದವರಿಗೆ ಮೀಸಲು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕೂತು ಅದರಲ್ಲಿ ಮಾತಾಡುವಂತಿಲ್ಲ, ಹ್ಯಾಂಡ್‌ಸೆಟ್ಟಿನಲ್ಲೂ ಅಷ್ಟೇ. ಒತ್ತಿ ನೋಡಲೇಬೇಕಾದರೆ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾದ ಬದಲು ಪವರನ್ನು ಶಾಖವಾಗಿ ನುಂಗುವ ರೆಸಿಸ್ಟರ್) ಹಾಕಿ ನೋಡಿ. 25 ವ್ಯಾಟ್ ತಡೆಯುವಂಥದ್ದಿರಲಿ. ಸೆಟ್ಟಿನಲ್ಲಿ ಕೆಂಪು ಮುಚ್ಚಳದ ಬಟನ್ ಇದ್ದರೆ ಅದರ ತಂಟೆಗಂತೂ ಹೋಗಬೇಡಿ. ಅದು ಚಾನೆಲ್ 70ರಲ್ಲಿ ಅಪಾಯದ ಕರೆ ಕಳಿಸುವ ಬಟನ್.

ಬೂಸ್ಟರ್ ವಿಚಾರ ಇಲ್ಲೇ ಮುಗಿಸಿಬಿಡೋಣ. ಬೇಡ. ಟಿವಿ ಆಂಟೆನಾದ ಕೇಬಲ್ಲಿನಲ್ಲಿ ಸಿಗ್ನಲ್ ಒಂದೇ ಕಡೆಗೆ ಬರುತ್ತದೆ. ಇಲ್ಲಿ ಕೇಳುವುದೂ ಅದೇ ಕೇಬಲ್ಲು, 25 ವ್ಯಾಟ್ ಹೊರಗೆ ಹೋಗುವುದೂ ಅದೇ ಕೇಬಲ್ಲು. ಮೊದಲ ಸಲ ಪಿಟಿಟಿ ಒತ್ತಿದ ಕೂಡಲೇ ಬೂಸ್ಟರ್ ಸುಟ್ಟುಹೋಗುತ್ತದೆ. ಸುಡದೆ ಉಳಿದರೂ ಅದು ಸಿಗ್ನಲ್ಲಿನ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ನಿಮ್ಮ ಭಾವನವರ ಬೋಟಿನಲ್ಲಿ ಗದ್ದಲವೇ ರೋಗ ಅಂತ ನನ್ನ ಅನುಮಾನ.

ಯಾಕೆ ಆ ಅನುಮಾನ? ನಿಮ್ಮ ಪತ್ರದಲ್ಲೇ ಅದಕ್ಕೆ ಸುಳಿವಿದೆ. 'ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ' ಅಂದಿದ್ದೀರಿ. ಕೇಬಲ್ಲೋ ಆಂಟೆನಾವೋ ಹಾಳಾಗಿದ್ದರೆ ಪೆಟ್ಟು ಎರಡೂ ಕಡೆಗೆ ಸಮನಾಗಿ ಬೀಳಬೇಕು. ಒಳಗೆ ಬರುವ ಸಿಗ್ನಲ್ ಅರ್ಧ ಆದರೆ ಹೊರಗೆ ಹೋಗುವುದೂ ಅರ್ಧ ಆಗಬೇಕು. ಒಂದೇ ಕಡೆ ತೊಂದರೆ ಜಾಸ್ತಿ ಇದೆ ಅಂದರೆ ಎರಡೇ ಕಾರಣ. ಸೆಟ್ಟಿನ ಕೇಳುವ ಭಾಗ ಕೆಟ್ಟಿರಬೇಕು, ಇಲ್ಲವೇ ಬೋಟಿನೊಳಗೇ ಏನೋ ಗದ್ದಲ ಮಾಡುತ್ತಿರಬೇಕು. ರಾತ್ರಿ ಜಾಸ್ತಿ ಕಷ್ಟ ಅಂದಿದ್ದೀರಿ. ಕೆಟ್ಟ ಟ್ರಾನ್ಸಿಸ್ಟರಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ರಾತ್ರಿ ಬೋಟಿನಲ್ಲಿ ಹೊಸದಾಗಿ ಏನು ನಡೆಯುತ್ತದೆ? ಲೈಟು ಹತ್ತುತ್ತದೆ. ಅಲ್ವಾ?

ಆದರೆ ಒಂದನ್ನು ಭಾವನವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಆ ಕಡೆಯವರೂ 25 ವ್ಯಾಟಿನ ಸೆಟ್ಟಿನಲ್ಲೇ ಮಾತಾಡುತ್ತಿದ್ದಾರಾ? ಅವರು ಕೈಯಲ್ಲಿ 5 ವ್ಯಾಟಿನ ಹ್ಯಾಂಡ್‌ಸೆಟ್ ಹಿಡಿದುಕೊಂಡಿದ್ದರೆ, ಅಥವಾ ಅವರ ಸೆಟ್ಟು 1 ವ್ಯಾಟಿನ ಲೋ ಪವರಿನಲ್ಲಿದ್ದರೆ, ನಮ್ಮದು ಅವರಿಗೆ ಕೇಳಿ ಅವರದು ನಮಗೆ ಕೇಳದಿರುವುದರಲ್ಲಿ ಆಶ್ಚರ್ಯವಿಲ್ಲ. ಆಗ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಭಾವನವರ 'ಹತ್ತು ಮೈಲಿ' ಸುಮ್ನೆ ಬಾಯಿಮಾತಲ್ಲ, ಲೆಕ್ಕಕ್ಕೆ ಸರಿಯಾಗಿದೆ. ವಿಎಚ್‌ಎಫ್ ಅಲೆ ಕಣ್ಣಿಗೆ ಕಾಣುವ ದಿಗಂತದವರೆಗೆ, ಹೆಚ್ಚೆಂದರೆ ಅದಕ್ಕಿಂತ ಒಂಚೂರು ಮುಂದಕ್ಕೆ ಹೋಗುತ್ತದೆ. ಆಂಟೆನಾ ನೀರಿನಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲ ತೆಗೆದು 4.12ರಿಂದ ಗುಣಿಸಿ. ಎದುರಿನ ಬೋಟಿನದಕ್ಕೂ ಹಾಗೇ ಮಾಡಿ ಎರಡನ್ನೂ ಕೂಡಿ. ಬಂದಿದ್ದು ಕಿಲೋಮೀಟರ್. ಎರಡೂ ಬೋಟಿನ ಆಂಟೆನಾ 5 ಮೀಟರ್ ಎತ್ತರದಲ್ಲಿದೆ ಅಂತಿಟ್ಟುಕೊಳ್ಳಿ. ತಲಾ 9.2 ಕಿಲೋಮೀಟರ್, ಒಟ್ಟು 18.4. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್, ಹಾಗಾಗಿ ಹತ್ತು ಮೈಲಿ ಆಯಿತು. ದಡದ ಗೋಪುರ 100 ಮೀಟರ್ ಎತ್ತರ ಇದ್ದರೆ ಇದೇ ಬೋಟಿಗೆ 50 ಕಿಲೋಮೀಟರ್ ಆಚೆಯಿಂದಲೂ ಕೇಳುತ್ತದೆ. ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ 101.3 ಎಫ್‌ಎಂ ಅಂಗಡಿಯೊಳಗೆ ಕರಕರ ಅಂದರೂ ಅದೇ ರೇಡಿಯೋ ಹಿಡಿದು ದೇವರಾಯನದುರ್ಗ ಹತ್ತಿದರೆ ಸಲೀಸಾಗಿ ಸಿಗುತ್ತದೆ. ರೇಡಿಯೋ ಬದಲಾಗಿಲ್ಲ, ಎತ್ತರ ಬದಲಾಗಿದೆ.

ಇದರಿಂದ ಎರಡು ವಿಷಯ ತಿಳಿಯಿತು. ಮೂರ್ನಾಲ್ಕು ಮೈಲಿಗೇ ನಿಲ್ಲುತ್ತಿದೆ ಅಂದರೆ ತಪ್ಪು ದಿಗಂತದ್ದಲ್ಲ, ಬೋಟಿನದೇ. ಹಾಗೇ, ಆಂಟೆನಾ ಇನ್ನೂ ಎತ್ತರಕ್ಕೆ ಏರಿಸಿದರೆ ಸರಿಹೋಗುತ್ತದೆ ಅನ್ನುವ ಸಲಹೆ ಯಾರಾದರೂ ಕೊಟ್ಟರೆ ಸದ್ಯಕ್ಕೆ ಪಕ್ಕಕ್ಕಿಡಿ. 5 ಮೀಟರಿನಿಂದ 9 ಮೀಟರಿಗೆ ಏರಿಸಿದರೂ ಸಿಗುವುದು ಮೂರು ಕಿಲೋಮೀಟರ್ ಜಾಸ್ತಿ, ಅಷ್ಟೇ. ಇನ್ನೊಂದು ಮಾತು, ಕೆಲವು ದಿನ ಸಮುದ್ರದ ಮೇಲೆ ಬಿಸಿಗಾಳಿ ತಣ್ಣನೆ ಗಾಳಿಯ ಪದರಗಳು ಒಂದರ ಮೇಲೊಂದು ಕೂತು ವಿಎಚ್‌ಎಫ್ ಅಲೆ ಬಾಗಿ ನೂರಾರು ಕಿಲೋಮೀಟರ್ ಹೋಗುವುದುಂಟು. ಆ ದಿನ ಎಲ್ಲಿಯದೋ ಬೋಟಿನವರ ಮಾತೆಲ್ಲ ಕೇಳುತ್ತದೆ. ಅದನ್ನು ಅಳತೆಗೋಲು ಮಾಡಿಕೊಂಡು ಮರುದಿನ ಸೆಟ್ಟು ಕೆಟ್ಟಿತು ಅನ್ನುವವರೂ ಇದ್ದಾರೆ.

ಈಗ ಕೆಲಸಕ್ಕೆ ಬರೋಣ. ಸೆಟ್ಟು ಇನ್ನೂ ನಿಮ್ಮ ಬಳಿ ಇರುವಾಗಲೇ ನೋಡಬೇಕಾದ್ದು ಸೆಟ್ಟಿಂಗುಗಳು. ಸ್ಕ್ವೆಲ್ಚ್, ಅಂದರೆ ಯಾರೂ ಮಾತಾಡದಾಗಿನ ಗದ್ದಲ ಅಡಗಿಸುವ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಸುಯ್ ಅನ್ನುತ್ತದೆ. ನಿಧಾನಕ್ಕೆ ಬಲಕ್ಕೆ ತಿರುಗಿಸುತ್ತಾ ಆ ಸದ್ದು ನಿಂತ ಜಾಗದಲ್ಲೇ ಬಿಡಿ. ಕಿರಿಕಿರಿ ಅಂತ ಅದನ್ನು ಇನ್ನೂ ಮುಂದಕ್ಕೆ ತಿರುಗಿಸಿಟ್ಟರೆ ದೂರದ ಸಣ್ಣ ಸಿಗ್ನಲ್ಲುಗಳೆಲ್ಲ ಬಾಗಿಲಲ್ಲೇ ನಿಂತುಬಿಡುತ್ತವೆ. ಆಮೇಲೆ ಮೆನುವಿನಲ್ಲಿ ಲೋಕಲ್ (ಹತ್ತಿರದ್ದು) ಅಥವಾ ಡಿಎಕ್ಸ್ (ದೂರದ್ದು) ಅನ್ನುವ ಆಯ್ಕೆ ಇದೆಯಾ ನೋಡಿ. ಬಂದರಿನ ಗದ್ದಲಕ್ಕೆ ಅಂತ ಲೋಕಲ್ ಹಾಕಿ ಮರೆತರೆ ಸೆಟ್ಟು ಬೇಕೆಂದೇ ಕಿವಿ ಮುಚ್ಚಿಕೊಂಡಿರುತ್ತದೆ. ಚಾನೆಲ್ ಗುಂಪು ಇಂಟರ್‌ನ್ಯಾಷನಲ್‌ನಲ್ಲಿರಲಿ. ಯುಎಸ್‌ಎ ಗುಂಪಿನಲ್ಲಿದ್ದರೆ ಕೆಲವು ಚಾನೆಲ್ಲುಗಳ ಫ್ರೀಕ್ವೆನ್ಸಿಯೇ ಬೇರೆ, ದಡದವರ ಮಾತು ಬರುವುದೇ ಇಲ್ಲ. ಚಾನೆಲ್ 16 ಮಾತ್ರ ಎಲ್ಲ ಗುಂಪಿನಲ್ಲೂ 156.8 ಮೆಗಾಹರ್ಟ್ಸೇ. ನಿಮ್ಮ ಕೈಯಲ್ಲಿ ಈ ಸೆಟ್ಟಿಗೆ ಆಗಬೇಕಾದ ಕೆಲಸ ಇಷ್ಟೇ. ಮತ್ತೆ ಬಸ್ಸಿಗೆ ಹಾಕಿ. ಸಾಧ್ಯವಾದರೆ ನೀವೂ ಅದರ ಜೊತೆ ಹೋಗಿ. ಅಕ್ಕನ ಮನೆಗೆ ಹೋದ ಹಾಗೂ ಆಗುತ್ತದೆ.

ಹೋಗುವಾಗ ಮಲ್ಟಿಮೀಟರ್, ಆ ಡಮ್ಮಿ ಲೋಡ್, ವೈರಿನಲ್ಲಿ ಬರುವ ಗದ್ದಲ ತಡೆಯಲು ಕ್ಲಿಪ್ ಹಾಕುವ ಫೆರೈಟ್ ತುಂಡುಗಳು, ಆಂಟೆನಾ ಕೇಬಲ್ಲಿಗೆ ಹೊಸ ಪಿಎಲ್-259 ಕನೆಕ್ಟರುಗಳು, ದೊಡ್ಡ ಸೋಲ್ಡರಿಂಗ್ ಐರನ್ ಇರಲಿ. ನೀವು ಮೊಬೈಲಿಗೆ ಬಳಸುವ 25 ವ್ಯಾಟಿನ ಐರನ್ ಇಲ್ಲಿ ನಡೆಯುವುದಿಲ್ಲ. ಕನೆಕ್ಟರಿನ ಲೋಹದ ಮೈ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, ಸೀಸ ಮೇಲೆ ಕೂತ ಹಾಗೆ ಕಂಡರೂ ಒಳಗೆ ಹಿಡಿದಿರುವುದಿಲ್ಲ. 80, 100 ವ್ಯಾಟಿನದು ಬೇಕು.

ದಕ್ಕೆಯಲ್ಲಿ ಮೊದಲ ಕೆಲಸ ಅದಲುಬದಲು. ಪಕ್ಕದ ಬೋಟಿನ ಚೆನ್ನಾಗಿರುವ ಸೆಟ್ಟು ತಂದು ಭಾವನವರ ಆಂಟೆನಾಕ್ಕೆ ಹಾಕಿ. ನಮ್ಮ ಸೆಟ್ಟು ಅವರ ಬೋಟಿಗೆ ಹಾಕಿ. ನಮ್ಮ ಸೆಟ್ಟು ಅಲ್ಲಿ ಚೆನ್ನಾಗಿ ಕೇಳಿ, ಅವರ ಸೆಟ್ಟು ಇಲ್ಲಿ ಕಿವುಡಾದರೆ ಅರ್ಧ ಪತ್ತೇದಾರಿ ಮುಗಿಯಿತು. ಇದಕ್ಕೆ ಮೀಟರೂ ಬೇಡ, ದುಡ್ಡೂ ಬೇಡ. ಆದರೂ ಇದನ್ನು ಮಾಡುವವರು ಕಡಿಮೆ, ಸೆಟ್ಟು ಬಿಚ್ಚಿ ಬಸ್ಸಿಗೆ ಹಾಕುವವರೇ ಜಾಸ್ತಿ! ಪರೀಕ್ಷೆಗೆ ಸಿಗ್ನಲ್ಲು ದುರ್ಬಲವಾಗಿರಬೇಕು ಅನ್ನುವುದು ನೆನಪಿರಲಿ. ದಕ್ಕೆಯಲ್ಲಿ ನಿಂತಿರುವ ಬೋಟಿನ ಜೊತೆ ಮಾತಾಡಿದರೆ ನಿಮ್ಮ ಅಂಗಡಿಯ ಕಥೆಯೇ ಮತ್ತೆ. ಐದಾರು ಮೈಲಿ ಹೊರಗಿರುವ ಪರಿಚಯದ ಬೋಟಿನವರನ್ನು ಕರೆದು, 16ರಿಂದ ಬೇರೆ ಚಾನೆಲ್ಲಿಗೆ ಹೋಗಿ, ಒಂದರಿಂದ ಇಪ್ಪತ್ತರವರೆಗೆ ನಿಧಾನಕ್ಕೆ ಎಣಿಸಿ ಅನ್ನಿ. 16ರಲ್ಲೇ ಎಣಿಸುತ್ತಾ ಕೂರಬಾರದು. ಅದು ಅಪಾಯದ ಕರೆಗೆ ಇರುವ ಚಾನೆಲ್ಲು.

ಎರಡನೆಯದು ಲೈಟು. ಎಲ್‌ಇಡಿ ನೇರವಾಗಿ ಬ್ಯಾಟರಿಯ ವೋಲ್ಟಿನಲ್ಲಿ ಉರಿಯುವುದಿಲ್ಲ. ಒಳಗೊಂದು ಡ್ರೈವರ್ ಇರುತ್ತದೆ. ಅದು ಕರೆಂಟನ್ನು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ ಆನ್ ಆಫ್ ಮಾಡುತ್ತದೆ. ಅಗ್ಗದ ಲೈಟುಗಳಲ್ಲಿ ಫಿಲ್ಟರ್ ಹಾಕಿರುವುದಿಲ್ಲ. ಆ ಕಡಿತದಿಂದ ಹುಟ್ಟಿದ ಗದ್ದಲ ಮೇಲೇರುತ್ತಾ 156 ಮೆಗಾಹರ್ಟ್ಸ್‌ವರೆಗೂ ಬರುತ್ತದೆ. ಲೈಟಿನ ಉದ್ದನೆಯ ವೈರೇ ಅದಕ್ಕೆ ಆಂಟೆನಾ. ಲೈಟು ಕಟ್ಟಿರುವುದು ಎಲ್ಲಿ? ಎತ್ತರದಲ್ಲಿ ಬೇಕು ಅಂತ ವೈರ್‌ಲೆಸ್ಸಿನ ಆಂಟೆನಾ ಇರುವ ಕಂಬಕ್ಕೇ. ಮದುವೆ ಮನೆಯಲ್ಲಿ ವಾಲಗದವರ ಪಕ್ಕ ಕೂತು ಫೋನಿನಲ್ಲಿ ಮಾತಾಡಿದ ಹಾಗೆ. ನಮ್ಮ ಮಾತು ಆ ಕಡೆಯವರಿಗೆ ಹೇಗೋ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ. ಇದು ಮಲ್ಪೆಯದೊಂದೇ ಸಮಸ್ಯೆಯಲ್ಲ. ಎಲ್‌ಇಡಿ ಲೈಟಿನಿಂದ ಹಡಗುಗಳ ವಿಎಚ್‌ಎಫ್, ಎಐಎಸ್ (ಹಡಗು ಎಲ್ಲಿದೆ ಅಂತ ಸುತ್ತಲಿನವರಿಗೆ ತಿಳಿಸುವ ಸೆಟ್ಟು) ಎರಡೂ ಕಿವುಡಾಗುತ್ತಿವೆ ಅಂತ ಅಮೆರಿಕದ ಕೋಸ್ಟ್ ಗಾರ್ಡ್ 2018ರ ಆಗಸ್ಟ್‌ನಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತ್ತು. ಅದರಲ್ಲಿ ಹೇಳಿದ್ದ ಪರೀಕ್ಷೆ ಬಹಳ ಸರಳ. ಎಲ್ಲ ಎಲ್‌ಇಡಿ ಆರಿಸಿ. ಯಾರೂ ಮಾತಾಡದ ಚಾನೆಲ್ ಹಾಕಿ. ಸ್ಕ್ವೆಲ್ಚನ್ನು ಸದ್ದು ಬರುವವರೆಗೆ ತೆರೆದು, ಮತ್ತೆ ಸದ್ದು ನಿಲ್ಲುವಷ್ಟೇ ಮುಚ್ಚಿ. ಈಗ ಲೈಟು ಹಾಕಿ. ಸುಯ್ ಅಂತ ಶುರುವಾಯಿತಾ? ಕಳ್ಳ ಸಿಕ್ಕ.

ಅದಕ್ಕಿಂತ ನನಗೆ ಇಷ್ಟವಾದದ್ದು ದೂರದ ಬೋಟಿನವರು ಎಣಿಸುತ್ತಿರುವಾಗಲೇ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿ ಹಾಕುವ ವಿಧಾನ. ಲೈಟು, ಮೊಬೈಲ್ ಚಾರ್ಜರ್, ಇನ್ವರ್ಟರ್, ಫಿಶ್ ಫೈಂಡರ್, ಜಿಪಿಎಸ್ ಎಲ್ಲವನ್ನೂ. 24 ವೋಲ್ಟಿನ ಬೋಟಾಗಿದ್ದರೆ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಮೇಲೆ ವಿಶೇಷ ಅನುಮಾನ ಇರಲಿ. ಯಾವ ಸ್ವಿಚ್ಚು ಆರಿಸಿದಾಗ 'ಹನ್ನೊಂದು, ಹನ್ನೆರಡು' ಅನ್ನುವುದು ಒಮ್ಮೆಲೇ ತಿಳಿಯಾಗಿ ಕೇಳಿತೋ ಅದನ್ನು ಬರೆದುಕೊಳ್ಳಿ. ಎಫ್‌ಎಂ ಸೆಟ್ಟುಗಳ ಸ್ವಭಾವವೇ ಹಾಗೆ. ಒಂದು ಮಟ್ಟದವರೆಗೆ ಮಾತು ಚೆನ್ನಾಗಿರುತ್ತದೆ, ಅದಕ್ಕಿಂತ ಒಂಚೂರು ಕೆಳಗಿಳಿದರೆ ಪೂರ್ತಿ ಗದ್ದಲದಲ್ಲಿ ಮುಳುಗುತ್ತದೆ. ಹಾಗಾಗಿ ವ್ಯತ್ಯಾಸ ಗೊತ್ತಾಗದೆ ಹೋಗುವುದಿಲ್ಲ. ಅಂಗಡಿಯಲ್ಲಿ ಹಳೆಯ ಮೀಡಿಯಂ ವೇವ್ ಟ್ರಾನ್ಸಿಸ್ಟರ್ ಇದ್ದರೆ ಅದನ್ನೂ ಒಯ್ಯಿರಿ. ಒಂದೊಂದು ಲೈಟಿನ ಹತ್ತಿರ ಹಿಡಿದರೆ ಯಾವುದು ಜಾಸ್ತಿ ಗುಂಯ್‌ಗುಡುತ್ತದೆ ಅಂತ ತಿಳಿಯುತ್ತದೆ. ಅಲ್ಲಿ ಗುಂಯ್ ಅಂದಿದ್ದೆಲ್ಲ 156 ಮೆಗಾಹರ್ಟ್ಸಿನಲ್ಲೂ ಕಾಟ ಕೊಡಬೇಕೆಂದಿಲ್ಲ, ಮೊದಲು ಯಾವುದನ್ನು ಹಿಡಿಯಬೇಕು ಅನ್ನುವುದಕ್ಕೆ ಮಾತ್ರ ಅದು.

ಗದ್ದಲ ಯಾವ ದಾರಿಯಿಂದ ಒಳಗೆ ಬರುತ್ತಿದೆ ಅನ್ನುವುದೂ ತಿಳಿಯಬೇಕು. ಸ್ಕ್ವೆಲ್ಚನ್ನು ಸದ್ದು ನಿಲ್ಲುವ ಅಂಚಿನಲ್ಲೇ ಇಟ್ಟು ಆಂಟೆನಾ ಕೇಬಲ್ ಬಿಚ್ಚಿ, ಆ ಜಾಗದಲ್ಲಿ ಡಮ್ಮಿ ಲೋಡ್ ಹಾಕಿ. ಈಗ ಲೈಟು ಹಾಕಿದರೂ ಸುಮ್ಮನಿದ್ದರೆ ಗದ್ದಲ ಆಂಟೆನಾದಿಂದ ಬರುತ್ತಿದೆ. ಡಮ್ಮಿ ಲೋಡ್ ಇದ್ದರೂ ಕಾಟ ನಿಲ್ಲದಿದ್ದರೆ ಪವರ್ ವೈರಿನಿಂದ. ಆಗ ಸೆಟ್ಟಿಗೆ ಬೋಟಿನ ಲೈನ್ ಬಿಟ್ಟು ಬೇರೆ 12 ವೋಲ್ಟ್ ಬ್ಯಾಟರಿ ಕೊಟ್ಟು ನೋಡಿ, ಖಾತ್ರಿಯಾಗುತ್ತದೆ. ಪವರ್ ವೈರಿನದಾದರೆ ಮದ್ದು ಸುಲಭ. ಸೆಟ್ಟಿನ ಪ್ಲಸ್ ಮೈನಸ್ ಎರಡನ್ನೂ ನೇರ ಬ್ಯಾಟರಿಯಿಂದಲೇ ಫ್ಯೂಸ್ ಹಾಕಿ ತನ್ನಿ, ಎರಡೂ ವೈರನ್ನು ಹುರಿ ಮಾಡಿ, ಸೆಟ್ಟಿನ ಹತ್ತಿರ ಫೆರೈಟಿನಲ್ಲಿ ಎರಡು ಮೂರು ಸುತ್ತು ಹಾಕಿ. ಆಂಟೆನಾದಿಂದ ಬರುತ್ತಿದ್ದರೆ ಸೆಟ್ಟಿನ ಕಡೆ ಏನು ಮಾಡಿದರೂ ಅಷ್ಟಕ್ಕಷ್ಟೇ. ಮದ್ದು ಲೈಟಿಗೇ ಬೇಕು. ಲೈಟಿನ ಬುಡದಲ್ಲೇ ಅದರ ವೈರಿಗೆ ಫೆರೈಟ್ ಹಾಕಿ ನೋಡಿ. ಆಂಟೆನಾದಿಂದ ಎಷ್ಟು ದೂರಕ್ಕೆ ಸರಿಸಲು ಆಗುತ್ತದೋ ಅಷ್ಟು ಸರಿಸಿ. ಅದೂ ಆಗದಿದ್ದರೆ ಆ ಲೈಟು ಬಿಚ್ಚಿ ಒಳ್ಳೆಯದು ಹಾಕಿಸಿ. ಭಾವನವರಿಗೆ ಖರ್ಚಿನ ಮಾತು ಹಿಡಿಸಲಿಕ್ಕಿಲ್ಲ. ಆದರೆ ರಾತ್ರಿ ಹೊತ್ತು ಪಕ್ಕದ ಬೋಟಿನವರು 'ಬಲೆ ಹಾಕಿದ್ದೇವೆ, ದೂರ ಹೋಗಿ' ಅಂದಿದ್ದು ಕೇಳದೆ ಹೋದರೆ ಆಗುವ ಖರ್ಚು ಲೈಟಿನದಕ್ಕಿಂತ ಜಾಸ್ತಿ. ಅಂದಹಾಗೆ, ಇದು ಬೋಟಿನ ಡೆಕ್ಕಿಗೆ ಹಾಕುವ ಲೈಟಿನ ಮಾತು. ಮೀನು ಸೆಳೆಯಲು ಎಲ್‌ಇಡಿ ಬಳಸುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ.

ಇನ್ನು ಬಣ್ಣ. ಇದನ್ನು ನೀವು ಒಂದು ಮಾತಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ನನಗೆ ಮಾತ್ರ ಅಲ್ಲೇ ಕಣ್ಣು ನಿಂತಿತು. ಬಣ್ಣ ಹೊಡೆಯುವ ಹುಡುಗರು ಕಂಬದ ಜೊತೆ ಆಂಟೆನಾಕ್ಕೂ ಒಂದು ಕೈ ಬಳಿದಿರುತ್ತಾರೆ. ಬಿಳಿಯ ಫೈಬರ್ ಕೋಲು ಅವರ ಕಣ್ಣಿಗೆ ಕಂಬದ ತುಂಡೇ. ಸಾದಾ ಬಣ್ಣವಾದರೆ ದೊಡ್ಡ ತೊಂದರೆಯಿಲ್ಲ. ಅಲ್ಯೂಮಿನಿಯಂ ಪುಡಿ ಇರುವ ಬೆಳ್ಳಿ ಬಣ್ಣವಾದರೆ ಕೆಟ್ಟಿತು. ಆಂಟೆನಾದ ಮೇಲೆ ಲೋಹದ ಅಂಗಿ ತೊಡಿಸಿದಂತಾಗಿ ಅದರ ಟ್ಯೂನಿಂಗ್ ತಪ್ಪುತ್ತದೆ. ಬಣ್ಣ ಹೊಡೆಯಲು ಆಂಟೆನಾ ಬಿಚ್ಚಿ ವಾಪಸ್ ಹಾಕಿದ್ದರೆ ಬುಡದ ಕನೆಕ್ಟರಿನೊಳಗೆ ಬಣ್ಣ ಹೋಗಿರಬಹುದು, ಪೂರ್ತಿ ಬಿಗಿಯದೆ ಬಿಟ್ಟಿರಬಹುದು, ಕೇಬಲ್ ಚೂಪಾಗಿ ಮಡಚಿರಬಹುದು. ಉಗುರಿನಿಂದ ಕೆರೆದು ನೋಡಿ. ಕೋಲಿನ ಉದ್ದಕ್ಕೂ ಬೆರಳು ಆಡಿಸಿ, ಕೂದಲೆಳೆಯಂಥ ಬಿರುಕಿದ್ದರೆ ತಿಳಿಯುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಅಂಥ ಆಂಟೆನಾಕ್ಕೆ ರಿಪೇರಿ ಇಲ್ಲ.

ನಮ್ಮ ಮಾತು ಅವರಿಗೆ 'ಒಂದು ಮಟ್ಟಿಗೆ' ಕೇಳುತ್ತದೆ ಅಂದಿರಲ್ಲ. ಪೂರ್ತಿ ಚೆನ್ನಾಗಿ ಅಂದಿಲ್ಲ. ಆದ್ದರಿಂದ ಲೈಟಿನ ಜೊತೆ ಕೇಬಲ್ಲಿನದೂ ಪಾಲಿರಬಹುದು. ಸೆಟ್ಟಿನ ಹಿಂದಿನ ಪಿಎಲ್-259 ಬಿಚ್ಚಿ. ನಡುವಿನ ಪಿನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲ್ಲಾಡಿದರೆ ಸೋಲ್ಡರ್ ಬಿಟ್ಟಿದೆ. ಕೇಬಲ್ಲಿನ ಕಪ್ಪು ಸಿಪ್ಪೆಯನ್ನು ಒಂದು ಇಂಚು ಸೀಳಿ ಒಳಗಿನ ಜಾಲರಿ ನೋಡಿ. ತಾಮ್ರ ಹೊಳೆಯುತ್ತಿರಬೇಕು. ಹಸಿರು ಹಿಡಿದಿದ್ದರೆ, ಕಪ್ಪಾಗಿ ಪುಡಿ ಉದುರಿದರೆ, ಉಪ್ಪುನೀರು ಒಳಗೆ ಹೋಗಿದೆ. ಜಾಲರಿ ದೀಪದ ಬತ್ತಿ ಎಣ್ಣೆ ಎಳೆಯುವಂತೆ ನೀರನ್ನು ಮೀಟರುಗಟ್ಟಲೆ ಒಳಕ್ಕೆ ಎಳೆಯುತ್ತದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕುವುದು ಹೊಳೆಯುವ ತಾಮ್ರ ಸಿಕ್ಕಿದರೆ ಮಾತ್ರ. ಒಂದೆರಡು ಅಡಿ ಕತ್ತರಿಸಿದರೂ ಕಪ್ಪೇ ಇದ್ದರೆ ಪೂರ್ತಿ ಕೇಬಲ್ ಎಸೆಯಿರಿ.

ಆಗ ಯಾವ ಕೇಬಲ್ ಹಾಕಬೇಕು? ನಿಮ್ಮ ಅಂಗಡಿಯಲ್ಲಿ ಸುರುಳಿಗಟ್ಟಲೆ ಇರುವ ಡಿಶ್ ಕೇಬಲ್ ಬೇಡ. ಅದು 75 ಓಮ್, ಇದಕ್ಕೆ ಬೇಕಾದ್ದು 50 ಓಮ್. ಆ ವ್ಯತ್ಯಾಸವನ್ನಾದರೂ ಹೇಗೋ ಸಹಿಸಬಹುದು. ಆದರೆ ಡಿಶ್ ಕೇಬಲ್ಲಿನ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ನಡುವಿನ ತಂತಿ ತಾಮ್ರ ಸವರಿದ ಉಕ್ಕು. ಸೋಲ್ಡರ್ ಹಿಡಿಯುವುದಿಲ್ಲ, ಉಪ್ಪುಗಾಳಿಗೆ ಬಹಳ ದಿನ ಬಾಳುವುದಿಲ್ಲ. ತೆಳ್ಳನೆಯ ಆರ್‌ಜಿ-58 ಬೋಟಿನಲ್ಲಿ ಎಲ್ಲೆಡೆ ಕಾಣುತ್ತದೆ. ಈ ಫ್ರೀಕ್ವೆನ್ಸಿಯಲ್ಲಿ ಅದು ಹತ್ತು ಮೀಟರಿಗೆ ಸುಮಾರು 2 ಡಿಬಿ ನುಂಗುತ್ತದೆ, ಅಂದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸಿಗ್ನಲ್ ದಾರಿಯಲ್ಲೇ ಮಾಯ. ದಪ್ಪನೆಯ ಆರ್‌ಜಿ-213 ಅಷ್ಟೇ ಉದ್ದಕ್ಕೆ ನುಂಗುವುದು 1 ಡಿಬಿಗೂ ಕಡಿಮೆ. ಐದಾರು ಮೀಟರ್ ಸಾಕಾಗುವ ಕಡೆ 58 ನಡೆಯುತ್ತದೆ, ಕಂಬದ ತುದಿಗೆ ಹೋಗುವುದಾದರೆ 213 ಹಾಕಿಸಿ. ತವರ ಲೇಪಿಸಿದ ತಾಮ್ರದ ಮೆರೈನ್ ಕೇಬಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ನಡುವೆ ಎಲ್ಲೂ ಜಾಯಿಂಟ್ ಬೇಡ. ಎರಡು ತುಂಡು ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟು ನಾನು ನೋಡಿದ ಎಷ್ಟೋ ಬೋಟುಗಳಲ್ಲಿ ಕ್ಯಾಬಿನ್ನಿನ ಮಾಡಿನ ಕೆಳಗೆ ಅಡಗಿ ಕೂತಿರುತ್ತಿತ್ತು.

ಮಲ್ಟಿಮೀಟರ್ ಇಟ್ಟು ನೋಡುವಾಗ ಎರಡೂ ತುದಿ ಬಿಚ್ಚಿಯೇ ನೋಡಿ. ನಡುವಿನ ತಂತಿಗೂ ಜಾಲರಿಗೂ ಸಂಪರ್ಕ ಇರಬಾರದು, ಆ ತುದಿಯಿಂದ ಈ ತುದಿಗೆ ಎರಡೂ ಸೊನ್ನೆ ಓಮ್ ಹತ್ತಿರ ಇರಬೇಕು. ಆಂಟೆನಾ ಹಾಕಿಕೊಂಡೇ ಅಳೆದರೆ ಮೋಸ ಹೋಗುತ್ತೀರಿ. ಎಷ್ಟೋ ಆಂಟೆನಾಗಳು ಒಳಗೆ ಡಿಸಿಗೆ ಶಾರ್ಟ್ ಇರುವಂತೆಯೇ ಮಾಡಿರುತ್ತಾರೆ, ಮೀಟರ್ ಬೀಪ್ ಅಂದರೂ ಅದು ಸರಿಯಾಗಿಯೇ ಇರುತ್ತದೆ. ಎಸ್‌ಡಬ್ಲ್ಯುಆರ್ ಮೀಟರ್ (ಕಳಿಸಿದ ಪವರ್ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವುದು) ಯಾರ ಬಳಿಯಾದರೂ ಇದ್ದರೆ ಅದು ವಿಎಚ್‌ಎಫ್‌ಗೆ ಆಗುವಂಥದ್ದೇ ಅಂತ ಕೇಳಿಕೊಳ್ಳಿ. 1.5ರ ಒಳಗಿದ್ದರೆ ಒಳ್ಳೆಯದು, 2ರವರೆಗೆ ಪರವಾಗಿಲ್ಲ, 3 ದಾಟಿದರೆ ಕಾಲು ಭಾಗ ಪವರ್ ವಾಪಸ್ ಬರುತ್ತಿದೆ ಅಂತ ಅರ್ಥ. ಆದರೆ ಮೀಟರ್ ಒಳ್ಳೆಯ ಅಂಕಿ ತೋರಿಸಿತು ಅಂತ ಕೇಬಲ್ಲನ್ನು ನಂಬಬೇಡಿ. ನೀರು ಕುಡಿದ ಕೇಬಲ್ ಹೋಗುವ ಪವರನ್ನೂ ನುಂಗುತ್ತದೆ, ವಾಪಸ್ ಬರುವುದನ್ನೂ ನುಂಗುತ್ತದೆ. ಮೀಟರಿಗೆ ವಾಪಸ್ ಏನೂ ಕಾಣದೆ 1.2 ಅಂತ ತೋರಿಸುತ್ತದೆ. ಮೇಲೆ ಆಂಟೆನಾ ಬಿಚ್ಚಿ ಅಲ್ಲಿ ಡಮ್ಮಿ ಲೋಡ್ ಹಾಕಿ, ಪವರ್ ಮೀಟರನ್ನು ಒಮ್ಮೆ ಸೆಟ್ಟಿನ ಬಳಿ, ಒಮ್ಮೆ ಮೇಲಿನ ತುದಿಯಲ್ಲಿ ಇಟ್ಟು ಅಳೆಯಿರಿ. ಕೆಳಗೆ 25, ಮೇಲೆ 8 ಅಂದರೆ ಇನ್ನೇನು ಸಾಕ್ಷಿ ಬೇಕು?

ಹೊಸ ಕನೆಕ್ಟರ್ ಹಾಕಿದ ಮೇಲೆ ನೀರು ಬೀಳುವ ಕಡೆಯದಕ್ಕೆ ರಬ್ಬರಿನಂತೆ ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ಟೇಪ್ ಸುತ್ತಿ, ಅದರ ಮೇಲೆ ಬಿಸಿಲಿಗೆ ತಡೆಯಾಗಿ ಸಾದಾ ಟೇಪ್ ಸುತ್ತಿ. ವಿನಿಗರ್ ವಾಸನೆ ಬರುವ ಸಿಲಿಕೋನ್ ತುಂಬಬೇಡಿ. ಅದರ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಕ್ಯಾಬಿನ್ನಿನೊಳಗೆ ಹೋಗುವ ಮುಂಚೆ ಕೆಳಕ್ಕೊಂದು ತಿರುವು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.

ಆಂಟೆನಾ ಕೊಳ್ಳುವುದಾದರೆ ಅಂಗಡಿಯವನು 9 ಡಿಬಿಯದು ತೋರಿಸಿ 'ಇದು ಜಾಸ್ತಿ ದೂರ' ಅನ್ನುತ್ತಾನೆ. ಡಿಬಿ ಜಾಸ್ತಿಯಾದಷ್ಟು ಸಿಗ್ನಲ್ಲು ತೆಳುವಾದ ತಟ್ಟೆಯಂತೆ ಹರಡುತ್ತದೆ. ಅಲೆಗೆ ಬೋಟು ವಾಲಿದಾಗ ತಟ್ಟೆಯ ಒಂದು ಕಡೆ ನೀರಿಗೆ, ಇನ್ನೊಂದು ಕಡೆ ಆಕಾಶಕ್ಕೆ. ಮಾತು ಬಂದು ಹೋಗಿ ಮಾಡುತ್ತದೆ. ಈ ಗಾತ್ರದ ಟ್ರಾಲ್ ಬೋಟಿಗೆ 3 ಅಥವಾ 6 ಡಿಬಿಯದೇ ಸರಿ. ಅದನ್ನು ಬೇರೆ ಆಂಟೆನಾಗಳಿಂದ, ಕಬ್ಬಿಣದ ಕಂಬದಿಂದ ಕನಿಷ್ಠ ಒಂದು ಮೀಟರ್ ದೂರ ಇಡಿ. ಎಐಎಸ್ ಇದ್ದರೆ ಇನ್ನೂ ಜಾಸ್ತಿ ದೂರ ಒಳ್ಳೆಯದು. ಅದೂ 162 ಮೆಗಾಹರ್ಟ್ಸಿನ ಆಸುಪಾಸಿನಲ್ಲೇ ಕಳಿಸುತ್ತಿರುತ್ತದೆ, ಪಕ್ಕದಲ್ಲಿದ್ದರೆ ಆಗಾಗ ಟಿಕ್ ಟಿಕ್ ಅಂತ ಕೇಳುವುದು ಅದೇ.

ಬ್ಯಾಟರಿ ವೋಲ್ಟೇಜು ಕೇಳುವುದಕ್ಕೆ ಅಷ್ಟಾಗಿ ಅಡ್ಡಿ ಮಾಡುವುದಿಲ್ಲ, ಮಾತಾಡುವುದಕ್ಕೆ ಮಾಡುತ್ತದೆ. 25 ವ್ಯಾಟಿನಲ್ಲಿ ಒತ್ತಿದಾಗ ಸೆಟ್ಟು 5, 6 ಆಂಪಿಯರ್ ಎಳೆಯುತ್ತದೆ. ಒತ್ತಿದಾಗ ಸೆಟ್ಟಿನ ಹಿಂದೆ 12ಕ್ಕಿಂತ ಬಹಳ ಕೆಳಗಿಳಿದರೆ ವೈರು ದಪ್ಪ ಮಾಡಿಸಿ, ಫ್ಯೂಸ್ ಹೋಲ್ಡರಿನ ತುಕ್ಕು ತೆಗೆಸಿ.

ಇದೆಲ್ಲ ಮಾಡಲು ದೊಡ್ಡ ಸಮಯ ಅಂದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ರಜೆ. ಈಗ ಅದು ಕಳೆದುಹೋಗಿದೆ. ಹಾಗಾಗಿ ಬೋಟು ಮೀನು ಇಳಿಸಿ ಐಸ್ ತುಂಬಿಕೊಳ್ಳುವ ಹೊತ್ತಿನಲ್ಲಿ ಮುಗಿಸಬೇಕು. ಆ ಸಮಯಕ್ಕೆ ಅದಲುಬದಲು, ಲೈಟಿನ ಪರೀಕ್ಷೆ, ಎರಡು ಕನೆಕ್ಟರು, ಇಷ್ಟಾದರೆ ಸಾಕು. ಸರಿಹೋಗುವವರೆಗೆ ಭಾವನವರಿಗೆ ಹೇಳಿ, ರಾತ್ರಿ ಯಾರನ್ನಾದರೂ ಕರೆದು ಉತ್ತರಕ್ಕೆ ಕಾಯುವಾಗ ಹೊಸ ಲೈಟುಗಳನ್ನು ಒಂದು ನಿಮಿಷ ಆರಿಸಲಿ. ಹಸಿರು, ಕೆಂಪು, ಬಿಳಿ ನ್ಯಾವಿಗೇಷನ್ ಲೈಟು ಮಾತ್ರ ಆರಿಸಬಾರದು. ಹ್ಯಾಂಡ್‌ಸೆಟ್ಟು ಚಾರ್ಜ್ ಆಗಿರಲಿ. ಮೊಬೈಲ್ ಸಿಗ್ನಲ್ ಇರುವ ಕಡೆ ಅಪಾಯವಾದರೆ ಕೋಸ್ಟ್ ಗಾರ್ಡಿನ 1554 ನಂಬರ್ ಇದೆ.

ಇಷ್ಟಾದ ಮೇಲೂ, ಪಕ್ಕದ ಬೋಟಿನ ಒಳ್ಳೆಯ ಆಂಟೆನಾದಲ್ಲಿ, ಎಲ್ಲ ಲೈಟು ಆರಿಸಿದರೂ, ನಮ್ಮ ಸೆಟ್ಟು ಮಾತ್ರ ಕಿವುಡಾಗಿಯೇ ಇದ್ದು ಅವರದು ಕೇಳುತ್ತಿದ್ದರೆ, ಆಗ ನಿಮ್ಮ ಮೊದಲ ಅನುಮಾನವೇ ನಿಜ. ಹತ್ತಿರ ಬಿದ್ದ ಸಿಡಿಲಿನಿಂದಲೋ, ಪಕ್ಕದ ಬೋಟಿನ ಆಂಟೆನಾ ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು 25 ವ್ಯಾಟ್ ಒತ್ತಿದ್ದರಿಂದಲೋ ಸಿಗ್ನಲ್ ಮೊದಲು ತಲುಪುವ ಹಂತದ ಟ್ರಾನ್ಸಿಸ್ಟರ್, ಇಲ್ಲವೇ ಆಂಟೆನಾವನ್ನು ಕೇಳುವ ಭಾಗಕ್ಕೂ ಕಳಿಸುವ ಭಾಗಕ್ಕೂ ಅತ್ತಿತ್ತ ಬದಲಿಸುವ ಡಯೋಡುಗಳು ಹೋಗಿರುತ್ತವೆ. ಸಿಗ್ನಲ್ ಜನರೇಟರ್ ಇರುವ ಸರ್ವಿಸ್ ಸೆಂಟರಿಗೆ ಕೊಡಿ, ಸೆನ್ಸಿಟಿವಿಟಿ ಎಷ್ಟಿದೆ ಅಂತ ಅಂಕಿ ಬರೆಸಿಕೊಳ್ಳಿ. ಕಾಲು ಮೈಕ್ರೋವೋಲ್ಟಿನ ಜಾಗದಲ್ಲಿ ಎರಡು ಮೂರು ಅಂತ ಬರೆದುಕೊಟ್ಟರೆ ರಿಪೇರಿಗೆ ಎಷ್ಟಾಗುತ್ತದೆ ಕೇಳಿ. ಹೊಸ ಸೆಟ್ಟಿನ ಅರ್ಧ ಬೆಲೆ ಅಂದರೆ ಹೊಸದೇ ತಗೊಳ್ಳಿ. ಒಳಗೆ ಒಮ್ಮೆ ಉಪ್ಪುಗಾಳಿ ಹೋದ ಸೆಟ್ಟಿಗೆ ಅಷ್ಟು ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.